ನಾರ್ಕೊಂಡಂ ಮಂಗಟ್ಟೆಯನ್ನು ದಾಂಡೇಲಿಗೆ ತಂದು ಬಿಡಬಾರದೇ?

ಓದುಗರ ಪ್ರಶ್ನೆ: "ನಮಸ್ಕಾರ ಸರ್. ನಾನು ಧಾರವಾಡದವನು, ರಿಟೈರ್ ಆದ ಹೈಸ್ಕೂಲ್ ಮಾಸ್ತರ. ಬರುವ ಫೆಬ್ರುವರಿಯಲ್ಲಿ ಮನೆಮಂದಿ ಎಲ್ಲಾ ಕೂಡಿ ಅಂಡಮಾನಿಗೆ ಹೊಂಟೀವಿ. ಎಂಟನೇತ್ತೆ ಓದುವ ಮೊಮ್ಮಗಳಿಗೆ ಹಕ್ಕಿ ಅಂದ್ರ ಜೀವ. ನಾರ್ಕೊಂಡಂ ಅನ್ನೋ ನಡುಗಡ್ಡೆಯೊಳಗ ಮಾತ್ರ ಇರೋ ಮಂಗಟ್ಟೆ (ಹಾರ್ನ್‌ಬಿಲ್) ತೋರಸಲೇಬೇಕು ಅಂತ ಹಟ ಹಿಡದಾಳ. ಟೂರಿನವರು ತಲೆಗೆ ಇಪ್ಪತ್ತು ಸಾವಿರ ಜಾಸ್ತಿ ಕೊಟ್ರ ಬೋಟ್ ಮಾಡಿ ಕರ್ಕೊಂಡು ಹೋಗ್ತೀವಿ ಅಂತಾರ. ಇನ್ನೊಂದು ಕಡೆ ವಾಟ್ಸಾಪಿನಾಗ ಒಂದು ಸುದ್ದಿ ಬಂದದ: ಆ ಹಕ್ಕಿ ಬರೀ ಐವತ್ತು ಉಳದಾವ, ಇನ್ನೈದು ವರ್ಷದಾಗ ಮುಗೀತು ಅಂತ. ಓದಿ ಹುಡುಗಿ ಅತ್ತಳು. ಒಂದೇ ನಡುಗಡ್ಡೆ, ಒಂದು ದೊಡ್ಡ ಬಿರುಗಾಳಿ ಬಂದ್ರ ಏನು ಗತಿ? ಒಂದು ನಾಲ್ಕು ಜೋಡಿ ಹಿಡಿದು ನಮ್ಮ ದಾಂಡೇಲಿ ಕಾಡಿಗೆ ತಂದು ಬಿಡಬಾರದೇನು? ಅಲ್ಲೂ ಮಂಗಟ್ಟೆ ಅದಾವಲ್ಲ? ನಮ್ಮ ಮನೆ ಮುಂದಿನ ಬಸರಿ ಗಿಡಕ್ಕೂ ಒಂದು ಜೋಡಿ ಬರ್ತಾವ. ಅವು ಇದೇ ಜಾತಿಯವೇನು? ಬಾಜೂ ಮನಿಯವರು ಮಂಗಟ್ಟೆ ಎಣ್ಣೆ ಮೊಣಕಾಲಿಗೆ ಛಲೋ ಅಂತಾರ, ಅದು ಖರೇನ?"

ಉತ್ತರ:

ಮಾಸ್ತರೇ, ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಮಂಗಟ್ಟೆ ಎಣ್ಣೆಯಿಂದ ಮೊಣಕಾಲು ನೋವು ಹೋಗುವುದಿಲ್ಲ. ಯಾವ ಹಕ್ಕಿಯ ಕೊಬ್ಬನ್ನು ಬಿಸಿ ಮಾಡಿ ತಿಕ್ಕಿದರೂ ಸ್ವಲ್ಪ ಹೊತ್ತು ಹಿತ ಅನಿಸುತ್ತದೆ. ಆ ಹಿತ ತಿಕ್ಕಿದ್ದರಿಂದ ಬಂದದ್ದು, ಹಕ್ಕಿಯಿಂದಲ್ಲ. ಎಳ್ಳೆಣ್ಣೆ ತಿಕ್ಕಿದರೂ ಅಷ್ಟೇ ಹಿತ. ಮೇಲಾಗಿ ಹಕ್ಕಿಯನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ಬಾಜೂ ಮನೆಯವರಿಗೆ ಇಷ್ಟು ಹೇಳಿದರೆ ಸಾಕು.

ಈಗ ಮೊಮ್ಮಗಳ ವಿಷಯ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದಿದ್ದರೂ ಚಿಂತೆ ಒಂದೇ. ಇಷ್ಟು ಸಣ್ಣ ಜಾಗದಲ್ಲಿ, ಇಷ್ಟೇ ಇಷ್ಟು ಹಕ್ಕಿ ಇವೆ. ಯಾರೂ ಏನೂ ಮಾಡದೆ ಸುಮ್ನೆ ಕೂತರೆ ಹೋಗಿಬಿಡುತ್ತವೇನೋ ಎಂಬ ಭಯ. ಭಯ ಸಹಜವೇ. ಆದರೆ ಈ ಹಕ್ಕಿಯ ವಿಷಯದಲ್ಲಿ "ಏನಾದರೂ ಮಾಡಬೇಕು" ಅನ್ನುವುದಕ್ಕಿಂತ "ಏನು ಮಾಡಬಾರದು" ಅನ್ನುವುದೇ ದೊಡ್ಡ ಪ್ರಶ್ನೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ನಾರ್ಕೊಂಡಂಗೆ ಹೋಗಿಲ್ಲ. ನನ್ನ ಕೆಲಸವೆಲ್ಲ ದಾಂಡೇಲಿ, ಕಾಳಿ ನದಿಯ ಕಾಡಿನ ಮಂಗಟ್ಟೆ ಗೂಡುಗಳ ಕೆಳಗೆ. ನಾರ್ಕೊಂಡಂಗೆ ಹೋಗಲು ಅನುಮತಿ ಕೇಳುವಷ್ಟು ಕಾರಣ ನನಗೆ ಯಾವತ್ತೂ ಸಿಗಲಿಲ್ಲ. "ನೋಡಬೇಕು ಅಂತ ಆಸೆ" ಅನ್ನುವುದು ಕಾರಣವಲ್ಲ ಅಂತ ನಾನೇ ನನಗೆ ಹೇಳಿಕೊಂಡೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಈ ನಡುಗಡ್ಡೆ ಎಷ್ಟು ಸಣ್ಣದು ಅಂತ ಮೊದಲು ತಿಳಿಯಬೇಕು. ಸುಮಾರು 6.8 ಚದರ ಕಿಲೋಮೀಟರ್. ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿ ಸುಮಾರು 200 ಚದರ ಕಿಲೋಮೀಟರ್. ಅಂದರೆ ನಮ್ಮ ಅವಳಿ ನಗರದೊಳಗೆ ಇಂಥ ಮೂವತ್ತು ನಡುಗಡ್ಡೆ ಹಿಡಿಸುತ್ತವೆ. ಅದು ಸಮುದ್ರದ ತಳದಿಂದ ಎದ್ದುನಿಂತ ಜ್ವಾಲಾಮುಖಿ. ಈಗ ತಣ್ಣಗಿದೆ. ತುದಿ 710 ಮೀಟರ್ ಎತ್ತರ. ಸಮುದ್ರಮಟ್ಟದಿಂದ ನಮ್ಮ ಧಾರವಾಡವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ನಾವು ಕರಾವಳಿಯಿಂದ ನಿಧಾನಕ್ಕೆ, ಘಟ್ಟ ಹತ್ತಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಮುಟ್ಟುವ ಎತ್ತರವನ್ನು ಆ ನಡುಗಡ್ಡೆ ಒಂದೆರಡು ಕಿಲೋಮೀಟರಿನಲ್ಲೇ ಮುಟ್ಟುತ್ತದೆ. ಅಷ್ಟು ಕಡಿದು. ಸಮತಟ್ಟು ಜಾಗವೇ ಅಪರೂಪ. ಮೈತುಂಬ ದಟ್ಟ ಕಾಡು.

ಇದು ಇರುವುದು ಉತ್ತರ ಅಂಡಮಾನಿನಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್ ದೂರ, ಮ್ಯಾನ್ಮಾರ್ ಕಡೆಗೆ. ಸುತ್ತ ಬೇರೆ ನೆಲವೇ ಇಲ್ಲ. ಈ ನೆಲ ಎಂದೂ ಮುಖ್ಯ ಭೂಮಿಗೆ ಅಂಟಿಕೊಂಡಿರಲಿಲ್ಲ. ಯಾವುದೋ ಕಾಲದಲ್ಲಿ ಪೂರ್ವದ ಕಾಡುಗಳ ಕಡೆಯಿಂದ ಕೆಲವು ಮಂಗಟ್ಟೆಗಳು ಹಾರಿಬಂದು ಇಲ್ಲಿ ನಿಂತಿರಬೇಕು. ನಿಂತವು ನಿಂತೇಬಿಟ್ಟವು. ಕಾಲ ಕಳೆದಂತೆ ಬೇರೆಯೇ ಜಾತಿಯಾದವು. 1873ರಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್ ಇದನ್ನು ಹೊಸ ಜಾತಿ ಎಂದು ವರ್ಣಿಸಿದರು. ಹೌದು, ಕಾಂಗ್ರೆಸ್ ಸ್ಥಾಪನೆಯ ಪಾಠದಲ್ಲಿ ನೀವು ಮಕ್ಕಳಿಗೆ ಹೇಳಿಕೊಟ್ಟ ಅದೇ ಹ್ಯೂಮ್. ಆ ಮನುಷ್ಯನಿಗೆ ರಾಜಕೀಯಕ್ಕಿಂತ ಹಕ್ಕಿ ಹುಚ್ಚು ಮೊದಲು ಹಿಡಿದಿತ್ತು.

ಇನ್ನು ವಾಟ್ಸಾಪಿನ ಐವತ್ತರ ಲೆಕ್ಕ. ಅದು ಸುಳ್ಳು. 1972ರಲ್ಲಿ ಅಲ್ಲಿಗೆ ಹೋದ ತಜ್ಞರು ಸುಮಾರು 400 ಹಕ್ಕಿ ಎಂದು ಅಂದಾಜಿಸಿದ್ದರು. ಆಮೇಲಿನ ಎಣಿಕೆಗಳೂ ಮುನ್ನೂರು-ನಾನೂರರ ಆಸುಪಾಸಿನಲ್ಲೇ ಇದ್ದವು. 2019-20ರ ಚಳಿಗಾಲದಲ್ಲಿ ಸಂಶೋಧಕರು ಬೆಟ್ಟದ ಬೇರೆ ಬೇರೆ ಎತ್ತರಗಳಲ್ಲಿ ನಡೆದು ಕ್ರಮವಾಗಿ ಎಣಿಸಿದಾಗ ಬಂದ ಅಂದಾಜು ಸುಮಾರು ಒಂದು ಸಾವಿರ. ಲೆಕ್ಕದ ಏರುಪೇರನ್ನು ಹಿಡಿದರೆ 750ರಿಂದ 1,400ರೊಳಗೆ. ಅಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು 150 ಮಂಗಟ್ಟೆ! ಜಗತ್ತಿನ ಯಾವ ಕಾಡಿನಲ್ಲೂ ಮಂಗಟ್ಟೆಗಳು ಇಷ್ಟು ಒತ್ತೊತ್ತಾಗಿ ಇರುವ ದಾಖಲೆ ಇಲ್ಲ. ದಾಂಡೇಲಿಯಲ್ಲಿ ನಾವು ಬೆಳಗಿನಿಂದ ಅಲೆದು ಎಂಟು-ಹತ್ತು ಕಂಡರೆ ಸಂಜೆ ಚಹಾದ ಜೊತೆ ಗಿರಮಿಟ್ಟು ತರಿಸುತ್ತಿದ್ದೆವು, ಹಬ್ಬದ ಲೆಕ್ಕ.

ಹಾಗಾದರೆ ನಾನೂರು ಇದ್ದದ್ದು ಸಾವಿರ ಆಯಿತೇ? ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಹಳೆಯ ಎಣಿಕೆಯ ವಿಧಾನ ಬೇರೆ, ಹೊಸದು ಬೇರೆ. ಕಡಿದಾದ ಕಾಡಿನಲ್ಲಿ ಹಕ್ಕಿ ಎಣಿಸುವುದು ಕ್ಲಾಸಿನಲ್ಲಿ ಹಾಜರಿ ತೆಗೆದ ಹಾಗಲ್ಲ ಮಾಸ್ತರೇ. ಕಂಡದ್ದನ್ನಷ್ಟೇ ಬರೆದರೆ ಕಾಣದೇ ಹೋದವು ಬಿಟ್ಟುಹೋಗುತ್ತವೆ. ಹೊಸ ವಿಧಾನದಲ್ಲಿ, ಕಂಡ ಹಕ್ಕಿ ನಮ್ಮಿಂದ ಎಷ್ಟು ದೂರ ಇತ್ತು ಅಂತಲೂ ಬರೆದುಕೊಳ್ಳುತ್ತೇವೆ. ದೂರ ಹೆಚ್ಚಿದಂತೆ ಎಷ್ಟು ತಪ್ಪಿಹೋಗುತ್ತಿವೆ ಅನ್ನುವುದನ್ನು ಅದರಿಂದ ಲೆಕ್ಕ ಹಾಕಬಹುದು. ಏನೇ ಇರಲಿ, ಕಡಿಮೆಯಾಗುತ್ತಾ ಬಂದಿದೆ ಅನ್ನಲು ಆಧಾರವಿಲ್ಲ. ಅದಕ್ಕೇ ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಹಕ್ಕಿಯನ್ನು ಮೊದಲಿದ್ದ ಮಟ್ಟದಿಂದ ಒಂದು ಮೆಟ್ಟಿಲು ಕಡಿಮೆ ಅಪಾಯದ ಗುಂಪಿಗೆ ಇಳಿಸಿದ್ದಾರೆ. ಅಪಾಯವೇ ಇಲ್ಲ ಅಂತಲ್ಲ. ಆದರೆ ಸಾಯುತ್ತಾ ಬಿದ್ದಿಲ್ಲ. ಮೊಮ್ಮಗಳಿಗೆ ಇದನ್ನು ಇವತ್ತೇ ಹೇಳಿ.

ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಹಕ್ಕಿ ಹೇಗೆ? ಮುಖ್ಯ ಕಾರಣ ಹಣ್ಣು. ಆಲ, ಅರಳಿ, ಬಸರಿ, ಅತ್ತಿ ಇವುಗಳ ಬಳಗದ ಮರಗಳು ಅಲ್ಲಿ ಬೇಕಾದಷ್ಟಿವೆ. ಈ ಬಳಗದ ವಿಶೇಷ ನಿಮ್ಮ ಮನೆ ಮುಂದಿನ ಬಸರಿಯಲ್ಲೇ ನೋಡಬಹುದು. ಮಾವಿನ ಹಾಗೆ ಊರಿನ ಮರಗಳೆಲ್ಲ ಒಂದೇ ತಿಂಗಳಿಗೆ ಹಣ್ಣಾಗುವುದಿಲ್ಲ. ಇವತ್ತು ಈ ಮರ, ಮುಂದಿನ ತಿಂಗಳು ಆ ಮರ. ಹಣ್ಣಿನೊಳಗೆ ಪರಾಗ ಒಯ್ಯುವ ಸಣ್ಣ ಕಣಜಗಳ ಬದುಕಿಗೆ ಹೊಂದಿಕೊಂಡು ಮರಗಳು ಹೀಗೆ ಪಾಳಿ ಹಾಕಿಕೊಂಡಿವೆ. ಹಾಗಾಗಿ ವರ್ಷವಿಡೀ ಕಾಡಿನ ಯಾವುದೋ ಮೂಲೆಯಲ್ಲಿ ಊಟ ಸಿಗುತ್ತದೆ. ಇನ್ನೊಂದು ಕಾರಣ, ಗೂಡು ದೋಚುವವರು ಅಲ್ಲಿ ಕಡಿಮೆ. ಮಂಗ ಇಲ್ಲ, ಪುನುಗು ಬೆಕ್ಕಿಲ್ಲ. ಹಣ್ಣಿಗಾಗಿ ಜಗಳಕ್ಕೆ ಬರುವ ದೊಡ್ಡ ಪ್ರಾಣಿಗಳೂ ಇಲ್ಲ.

ಇಲ್ಲಿ ಗೂಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದೆ ದಾಂಡೇಲಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮಂಗಟ್ಟೆ ಗೂಡು ಕಟ್ಟುವುದಿಲ್ಲ. ದೊಡ್ಡ ಮರದ ಪೊಟರೆಯೊಳಗೆ ಹೆಣ್ಣು ಹೋಗಿ ಕೂರುತ್ತದೆ. ತನ್ನ ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಕಲೆಸಿ ಬಾಯನ್ನು ಒಳಗಿನಿಂದಲೇ ಗಿಲಾವು ಮಾಡಿದ ಹಾಗೆ ಮುಚ್ಚಿಕೊಳ್ಳುತ್ತದೆ. ಬೆರಳು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಹಾರುವ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಇನ್ನು ಎರಡು-ಮೂರು ತಿಂಗಳು ಅದರ ಊಟ, ಮರಿಯ ಊಟ ಎಲ್ಲ ಗಂಡಿನ ಮೇಲೆ.

ಕಾಳಿ ನದಿಯ ದಂಡೆಯ ಒಂದು ಗೂಡಿನ ಕೆಳಗೆ ನಾನು ಎಷ್ಟೋ ಬೆಳಗು ಕೂತಿದ್ದೇನೆ. ಆರೂವರೆ ಆಗಿರಬೇಕು. ಮೊದಲು ರೆಕ್ಕೆಯ ಸದ್ದು. ಯಾರೋ ಹೊಸ ಧೋತರ ಝಾಡಿಸುತ್ತಾ ಬಂದ ಹಾಗೆ. ಗಂಡು ಪಕ್ಕದ ಕೊಂಬೆಯಲ್ಲಿ ಕೂತು ಎರಡು ನಿಮಿಷ ಸುಮ್ಮನೆ ಸುತ್ತ ನೋಡುತ್ತಿತ್ತು. ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಆಮೇಲೆ ಪೊಟರೆಯ ಬಾಯಿಗೆ ಜೋತು, ಕುತ್ತಿಗೆ ಒಂದು ಸಲ ಕೊಡವಿ, ಗಂಟಲಿನಿಂದ ಒಂದು ಬಸರಿ ಹಣ್ಣು ಕೊಕ್ಕಿನ ತುದಿಗೆ ತರುತ್ತಿತ್ತು. ಒಳಗಿನಿಂದ ಇನ್ನೊಂದು ಕೊಕ್ಕು ಅದನ್ನು ತೆಗೆದುಕೊಳ್ಳುತ್ತಿತ್ತು. ಮತ್ತೆ ಕುತ್ತಿಗೆ ಕೊಡವುವುದು, ಮತ್ತೊಂದು ಹಣ್ಣು. ಒಂದು ಭೇಟಿಯಲ್ಲಿ ನಾನು ನಲವತ್ತಮೂರು ಹಣ್ಣು ಎಣಿಸಿದ್ದೆ, ನಡುವೆ ಸೊಳ್ಳೆ ಹೊಡೆದುಕೊಂಡು ಒಂದೆರಡು ತಪ್ಪಿರಬಹುದು. ಆಮೇಲೆ ಸೀಳಿನಿಂದ ಹಿಕ್ಕೆ ಪಿಚಕಾರಿಯ ಹಾಗೆ ಹೊರಗೆ ಹಾರುತ್ತಿತ್ತು. ಒಳಗೆ ಗಲೀಜು ಇಟ್ಟುಕೊಳ್ಳುವುದಿಲ್ಲ. ಮರದ ಬುಡದಲ್ಲಿ ಆ ಬೀಜಗಳೆಲ್ಲ ಮೊಳೆತು ಸಸಿಮಡಿಯೇ ಆಗಿತ್ತು. ಆ ಗಂಡಿಗೆ ಏನಾದರೂ ಆದರೆ ಗೂಡಿನೊಳಗಿನ ಸಂಸಾರವೆಲ್ಲ ಮುಗಿದ ಹಾಗೆ. ಗರಿ ಉದುರಿದ ಹೆಣ್ಣು ಎಲ್ಲಿಗೆ ಹಾರಬೇಕು?

ನಾರ್ಕೊಂಡಂ ಮಂಗಟ್ಟೆಯದೂ ಇದೇ ಸಂಸಾರ. ಗೂಡಿನ ಕಾಲ ಫೆಬ್ರುವರಿಯಿಂದ ಮೇವರೆಗೆ. ನೀವು ಹೋಗುವ ತಿಂಗಳಲ್ಲೇ ಹೆಣ್ಣುಗಳು ಒಳಗೆ ಕೂರಲು ಶುರು ಮಾಡುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ.

ಹಕ್ಕಿ ಹೇಗಿರುತ್ತದೆ ಅಂತ ಮೊಮ್ಮಗಳು ಚಿತ್ರ ಬರೆಯುವುದಾದರೆ ಹೀಗೆ: ಮೈ ಹೊಳೆಯುವ ಕಪ್ಪು, ಬಾಲ ಪೂರ್ತಿ ಬಿಳಿ. ಗಂಡಿನ ತಲೆ, ಕುತ್ತಿಗೆ ಕೆಂಗಂದು, ಹೊಸ ಇಟ್ಟಿಗೆ ಸ್ವಲ್ಪ ಮಾಸಿದ ಹಾಗೆ. ಹೆಣ್ಣು ಬಾಲ ಬಿಟ್ಟರೆ ಉಳಿದೆಲ್ಲ ಕಪ್ಪು. ಎರಡಕ್ಕೂ ಗಂಟಲಲ್ಲಿ ತೆಳು ನೀಲಿಯ ಚೀಲ. ಕೊಕ್ಕು ಮಾಸಲು ಬಿಳಿ, ಬುಡದಲ್ಲಿ ಕೆಂಪು ಛಾಯೆ, ಮೇಲೆ ಸಣ್ಣ ಮಡಿಕೆಗಳ ಉಬ್ಬು. ಉದ್ದ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ, ತೂಕ ಮುಕ್ಕಾಲು ಕಿಲೋ ಒಳಗೆ. ದಾಂಡೇಲಿಯ ದೊಡ್ಡ ಮಂಗಟ್ಟೆ ಇದರ ಮುಂದೆ ಪೈಲ್ವಾನ. ಅದು ಎರಡು ಕಿಲೋ ಮೀರಿ ತೂಗುತ್ತದೆ.

ನಿಮ್ಮ ಬಸರಿಗೆ ಬರುವ ಜೋಡಿ ಇದಲ್ಲ. ಅವು ಬೂದು ಮಂಗಟ್ಟೆ. ಮೈ ಬೂದಿ ಬಣ್ಣ, ಕೂಗು ಹದ್ದಿನ ಹಾಗೆ ಕಿರುಚಲು, ಹಾರುವಾಗ ನಾಲ್ಕು ಸಲ ರೆಕ್ಕೆ ಬಡಿದು ಒಂದಿಷ್ಟು ದೂರ ತೇಲುತ್ತವೆ. ಹಳೆಯ ಮರಗಳಿರುವ ಊರುಗಳಲ್ಲಿ ಇವು ಹೇಗೋ ಬದುಕುತ್ತವೆ. ಅದು ಧಾರವಾಡದ ಪುಣ್ಯ.

ಈಗ ಅಸಲು ವಿಷಯ. ಒಂದೇ ನಡುಗಡ್ಡೆಯಲ್ಲಿರುವುದು ಅಪಾಯವೇ? ಅಪಾಯವೇ. ಆದರೆ ಯಾವ ಅಪಾಯ? ನೀವು ಬಿರುಗಾಳಿಗೆ ಹೆದರಿದ್ದೀರಿ. ಬಿರುಗಾಳಿ ಆ ಹಕ್ಕಿಗಳಿಗೆ ಹೊಸದಲ್ಲ, ಮನುಷ್ಯರು ಆ ಸಮುದ್ರಕ್ಕೆ ಬರುವ ಮೊದಲಿನಿಂದಲೂ ಅದನ್ನು ತಡೆದುಕೊಂಡು ಬಂದಿವೆ. ದೊಡ್ಡ ಮರಗಳು ಉರುಳಿದರೆ ಗೂಡಿನ ಪೊಟರೆ ಹೋಗುತ್ತದೆ, ಒಂದೆರಡು ವರ್ಷ ಹಣ್ಣು ಕಡಿಮೆಯಾಗಬಹುದು. ಕಾಡು ಮತ್ತೆ ಬೆಳೆಯುತ್ತದೆ. ನನಗೆ ಹೆಚ್ಚು ಭಯ ಇರುವುದು ಬೋಟಿನಲ್ಲಿ ಮೂಟೆಗಳ ನಡುವೆ ಕೂತು ಬರುವ ಸಣ್ಣ ಅತಿಥಿಗಳದ್ದು.

ಪೆಸಿಫಿಕ್ ಸಾಗರದ ಗ್ವಾಮ್ ನಡುಗಡ್ಡೆಯ ಕಥೆ ಕೇಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದ ಸಾಮಾನಿನ ಜೊತೆ ಒಂದು ಜಾತಿಯ ಕಂದು ಮರಹಾವು ಅಲ್ಲಿಗೆ ಬಂದಿಳಿಯಿತು. ಹಾವು ಅಂದರೇನು ಅಂತಲೇ ಅಲ್ಲಿನ ಹಕ್ಕಿಗಳಿಗೆ ಗೊತ್ತಿರಲಿಲ್ಲ. ಕೆಲವೇ ದಶಕಗಳಲ್ಲಿ ಕಾಡುಹಕ್ಕಿಗಳಲ್ಲಿ ಬಹುಪಾಲು ಹೋದವು. ಅಲ್ಲಿನ ಮಿಂಚುಳ್ಳಿಯ ಕೊನೆಯ ಕೆಲವನ್ನು 1980ರ ದಶಕದಲ್ಲಿ ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದರಿಂದ ಆ ಜಾತಿ ಉಳಿಯಿತು. ಕಾಡಿನಲ್ಲಿ ಒಂದೂ ಉಳಿಯಲಿಲ್ಲ.

ನಾರ್ಕೊಂಡಂನಲ್ಲೂ ಇಂಥದ್ದರ ಸಣ್ಣ ರೂಪ ಆಗಿಹೋಗಿದೆ. ಅದು ಗಡಿಯ ಜಾಗ. ಹಾಗಾಗಿ 1960ರ ದಶಕದ ಕೊನೆಯಲ್ಲಿ ಅಲ್ಲಿ ಪೊಲೀಸ್ ಠಾಣ್ಯ ಹಾಕಿದರು. ದೂರದ ಜಾಗ, ಬೋಟ್ ಬರುವುದು ಯಾವಾಗಲೋ. ಮಾಂಸಕ್ಕೆ ಅಂತ ಒಂದೆರಡು ಜೋಡಿ ಆಡು ತಂದು ಬಿಟ್ಟರು. ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ, ಅಲ್ಲಿ ಕೂತವರಿಗೆ ಊಟ ಬೇಡವೇ? ಆದರೆ ಆಡು ಆಡೇ. ನಮ್ಮ ಗದಗ ಕಡೆ ಕಪ್ಪತಗುಡ್ಡದ ಇಳುಕಲಿನಲ್ಲಿ ಆಡು ಮೇಯಿಸುವವರನ್ನು ಕೇಳಿ ನೋಡಿ, ಆಡು ಬಿಟ್ಟ ಗಿಡ ಯಾವುದು ಅಂತ. ನಾರ್ಕೊಂಡಂನಲ್ಲಿ ಆಡು ನೂರಾರಾದವು. ಕಾಡಿನ ಸಸಿಗಳನ್ನೆಲ್ಲ ಮೇಯತೊಡಗಿದವು. ದೊಡ್ಡ ಮರಗಳು ನಿಂತಿದ್ದರಿಂದ ಹಕ್ಕಿಗಳಿಗೆ ತಕ್ಷಣ ಏನೂ ಆಗಲಿಲ್ಲ. ಆದರೆ ಇವತ್ತಿನ ಸಸಿ ಹೋದರೆ ನೂರು ವರ್ಷದ ಮೇಲೆ ಪೊಟರೆ ಇರುವ ಮರ ಎಲ್ಲಿಂದ ಬರಬೇಕು? ಕೊನೆಗೆ ಆಡುಗಳನ್ನು ತೆಗೆದುಹಾಕಿದರು. ಇಲಿಗಳು ಮಾತ್ರ ಈಗಲೂ ಇವೆ, ಅವು ಬೀಜ ತಿನ್ನುತ್ತವೆ.

ಇನ್ನೊಂದು ವಿವಾದ ರೇಡಾರ್‌ದು. ಗಡಿ ಕಾವಲಿಗೆ ಅಲ್ಲಿ ರೇಡಾರ್ ಹಾಕುವ ಪ್ರಸ್ತಾಪ ಬಂತು. ರೇಡಾರ್ ಅಂದರೆ ರಸ್ತೆ, ಜನರೇಟರ್, ಜನ, ಸಾಮಾನು. 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇಡ ಅಂದಿತು. 2014ರಲ್ಲಿ ಒಪ್ಪಿಗೆ ಸಿಕ್ಕಿತು. ದೇಶದ ಕಾವಲು ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಒಂದು ರೇಡಾರ್ ಕಂಬದಿಂದ ಹಕ್ಕಿ ಸಾಯುವುದಿಲ್ಲ. ಅದರ ಜೊತೆ ಬೆಕ್ಕು, ನಾಯಿ, ಹಾವು, ಹೊಸ ಇಲಿ, ಕಾಳ್ಗಿಚ್ಚು ಬರಬಾರದು, ಅಷ್ಟೇ. ಇಳಿಯುವ ಪ್ರತಿ ಮೂಟೆಯನ್ನು ಬಿಚ್ಚಿ ನೋಡುವ ಒಬ್ಬ ಸಿಬ್ಬಂದಿ ಅಲ್ಲಿ ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತಾನೆ.

ದಾಂಡೇಲಿಯ ಪ್ರಶ್ನೆಗೆ ಬರೋಣ. ನಿಮ್ಮ ಯೋಚನೆ ತಪ್ಪೇನಲ್ಲ. ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದು ಅನ್ನುವುದು ನಮ್ಮ ವೃತ್ತಿಯವರೂ ಮಾಡುವ ಯೋಚನೆಯೇ. ಆದರೆ ಬುಟ್ಟಿ ಯಾವುದು ಅಂತ ನೋಡಬೇಕಲ್ವಾ? ಕಾಳಿ ಕಾಡಿನಲ್ಲಿ ಈಗಾಗಲೇ ನಾಲ್ಕು ಜಾತಿಯ ಮಂಗಟ್ಟೆ ಇವೆ. ಅವಕ್ಕೇ ಪೊಟರೆ ಸಾಲುವುದಿಲ್ಲ. ಒಂದು ಪೊಟರೆಗಾಗಿ ಎರಡು ಜೋಡಿ ವಾರಗಟ್ಟಲೆ ಜಗಳ ಆಡಿದ್ದನ್ನು ನಾನೇ ನೋಡಿದ್ದೇನೆ. ಅಂಥ ಕಡೆ ಮುಕ್ಕಾಲು ಕಿಲೋದ, ಜಗಳವೇ ಗೊತ್ತಿಲ್ಲದ ಹಕ್ಕಿ ತಂದು ಬಿಟ್ಟರೆ? ಅದು ಮಂಗನನ್ನು ಕಂಡಿಲ್ಲ, ಗೂಡಿಗೆ ನುಗ್ಗುವ ಬೆಕ್ಕಿನ ಜಾತಿಯ ಪ್ರಾಣಿಗಳನ್ನು ಕಂಡಿಲ್ಲ. ಹೆದರಬೇಕು ಅಂತಲೇ ಅದಕ್ಕೆ ತಿಳಿಯದು. ಇಲ್ಲಿನ ಹಕ್ಕಿಗಳ ರೋಗ ಅದಕ್ಕೆ, ಅದರ ರೋಗ ಇಲ್ಲಿನವಕ್ಕೆ ಅಂಟಬಹುದು. ನಾಲ್ಕು ಜೋಡಿಯಲ್ಲಿ ಒಂದು ಜೋಡಿಯೂ ಮೊದಲ ಮಳೆಗಾಲ ದಾಟುತ್ತದೆ ಅಂತ ನಾನು ಪಣ ಕಟ್ಟಲಾರೆ. ಬೂದು ಮಂಗಟ್ಟೆ ನೋಡಿ ಖುಷಿಪಡುವ ನಿಮ್ಮ ಮೊಮ್ಮಗಳು ಆ ಸುದ್ದಿ ಕೇಳಿದರೆ ಇನ್ನೂ ಜಾಸ್ತಿ ಅಳುತ್ತಾಳೆ.

ಹಾಗಾದರೆ ಅಂಡಮಾನಿನ ಇನ್ನೊಂದು ನಡುಗಡ್ಡೆಗೆ ಒಯ್ದರೆ? ಇದು ಸ್ವಲ್ಪ ಗಂಭೀರವಾದ ಆಯ್ಕೆ. ವಾತಾವರಣ ಹೊಂದುತ್ತದೆ, ಅಲ್ಲಿ ಬೇರೆ ಮಂಗಟ್ಟೆಗಳೂ ಇಲ್ಲ. ನ್ಯೂಜಿಲೆಂಡಿನವರು ಕಾಕಪೋ ಎಂಬ ಹಾರಲಾರದ ಗಿಳಿಯನ್ನು ಹೀಗೇ ಬೇಟೆಗಾರ ಪ್ರಾಣಿಗಳಿಲ್ಲದ ನಡುಗಡ್ಡೆಗಳಿಗೆ ಸಾಗಿಸಿ ಉಳಿಸಿಕೊಂಡರು. ಆದರೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ತಂದು ಬಿಟ್ಟದ್ದರ ಕಥೆ ಅಂಡಮಾನಿನಲ್ಲೇ ಇನ್ನೊಂದಿದೆ. ಬ್ರಿಟಿಷರು ಶೋಕಿಗೆ ಚುಕ್ಕೆ ಜಿಂಕೆ ತಂದು ಬಿಟ್ಟರು. ಹುಲಿ, ಚಿರತೆ ಇಲ್ಲದ ಜಾಗ. ಅವು ಹರಡಿ ಹರಡಿ ಕಾಡಿನ ಸಸಿಗಳನ್ನು ಮುಕ್ಕಿ ಈಗ ದೊಡ್ಡ ತಲೆನೋವಾಗಿವೆ. ಬಿಡುವುದು ಒಂದು ಗಂಟೆಯ ಕೆಲಸ, ಮತ್ತೆ ಹಿಡಿಯುವುದು ನೂರು ವರ್ಷವಾದರೂ ಮುಗಿಯುವುದಿಲ್ಲ. ಹಾಗಾಗಿ ಈ ಆಯ್ಕೆಯನ್ನು ಕಪಾಟಿನಲ್ಲಿ ಇಟ್ಟಿರಬಹುದು, ಬಳಸುವ ಹೊತ್ತು ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಸಾಕಿ ಮರಿ ಮಾಡಿಸುವುದು. ಮಾರಿಷಸ್ಸಿನ ಚಾಣ ಎಂಬ ಸಣ್ಣ ಬೇಟೆಹಕ್ಕಿ 1974ರಲ್ಲಿ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. ಮೊಟ್ಟೆ ತೆಗೆದು ಸಾಕಿ ಅದನ್ನು ನೂರಾರಿಗೆ ತಂದರು. ನಮ್ಮಲ್ಲೂ ಎರೆಭೂತಕ್ಕೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ರಾಜಸ್ಥಾನದಲ್ಲಿ ಇದೇ ಕೆಲಸ ನಡೆಯುತ್ತಿದೆ. ಎರೆಭೂತದ ಹೆಸರು ಬಂದಾಗ ನಾನು ಸ್ವಲ್ಪ ದಾರಿ ತಪ್ಪುತ್ತೇನೆ, ಸಹಿಸಿಕೊಳ್ಳಿ. ನಾನು ಹುಟ್ಟಿದ್ದು ಹಾವೇರಿ ಸೀಮೆಯಲ್ಲಿ. ರಾಣೆಬೆನ್ನೂರಿನ ಎರೆಹೊಲ, ಹುಲ್ಲುಗಾವಲಿನಲ್ಲಿ ಎದೆ ಎತ್ತರದ ಆ ಹಕ್ಕಿ ನಡೆದಾಡುತ್ತಿದ್ದ ಮಾತನ್ನು ನಮ್ಮ ಸೋದರಮಾವ ಕಥೆಯ ಹಾಗೆ ಹೇಳುತ್ತಿದ್ದರು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಕೃಷ್ಣಮೃಗ ಉಳಿದವು. ಎರೆಭೂತ ಉಳಿಯಲಿಲ್ಲ. ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ಎದ್ದವು, ಸುತ್ತ ಹೊಲ, ತಂತಿ, ನಾಯಿ. ಆ ಹಕ್ಕಿಗೆ ಒಂದು ಕಾಲಕ್ಕೆ ರಾಜಸ್ಥಾನದಿಂದ ನಮ್ಮವರೆಗೆ ಅರ್ಧ ದೇಶವೇ ಮನೆಯಾಗಿತ್ತು. ಈಗ ಇಡೀ ದೇಶದ ಬಯಲುಗಳಲ್ಲಿ ಉಳಿದಿರುವುದು ಸುಮಾರು 150 ಅಷ್ಟೇ. ನಾರ್ಕೊಂಡಂ ಮಂಗಟ್ಟೆಗೆ ಏಳು ಚದರ ಕಿಲೋಮೀಟರ್ ಕೂಡ ಇಲ್ಲ, ಆದರೆ ಸಾವಿರ ಇವೆ. ಯಾರು ಬಡವರು ಹೇಳಿ? ಜಾಗ ಸಣ್ಣದಾದರೂ ಕೆಡದೆ ಉಳಿದರೆ ಹಕ್ಕಿಗೆ ಸಾಕಾಗುತ್ತದೆ.

ಮಂಗಟ್ಟೆಯನ್ನು ಸಾಕಿ ಮರಿ ಮಾಡಿಸುವುದು ಎರೆಭೂತಕ್ಕಿಂತ ಬೇರೆ ತರಹದ ಕಷ್ಟ. ಗಂಡು-ಹೆಣ್ಣು ಒಂದನ್ನೊಂದು ಮೆಚ್ಚಬೇಕು. ಪೊಟರೆ ಹಿಡಿಸಬೇಕು. ಹೆಣ್ಣು ನಂಬಿ ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳಬೇಕು. ಪಂಜರದ ಹೊರಗೆ ಶಾಲೆ ಟ್ರಿಪ್ಪಿನ ಮಕ್ಕಳು ಕೂಗುತ್ತಿದ್ದರೆ ನಂಬಿಕೆ ಎಲ್ಲಿಂದ ಬರಬೇಕು? ಇವತ್ತು ಚೆನ್ನಾಗಿರುವ ಕಾಡಿನಿಂದ ಹಕ್ಕಿ ಹಿಡಿದು ಪಂಜರಕ್ಕೆ ಹಾಕುವುದು, ಜ್ವರ ಬರದವನನ್ನು ಐಸಿಯುಗೆ ಸೇರಿಸಿದ ಹಾಗೆ.

ಉಳಿದದ್ದು ಕೊನೆಯ ಆಯ್ಕೆ. ಅಲ್ಲೇ ಬಿಡುವುದು, ಕಾವಲು ಕಾಯುವುದು. 1977ರಿಂದ ಅದು ಅಭಯಾರಣ್ಯ. ಇದರಲ್ಲೂ ಅಪಾಯ ಇದೆ. ಜ್ವಾಲಾಮುಖಿ ಎದ್ದರೆ? ಅದರ ನೆರೆಯ ಬ್ಯಾರನ್ ಐಲ್ಯಾಂಡ್ ಸುಮಾರು ನೂರೈವತ್ತು ವರ್ಷ ಮಲಗಿದ್ದು 1991ರಲ್ಲಿ ಎದ್ದು ಬೆಂಕಿ ಉಗುಳಿತು. ಅಂಥದ್ದಕ್ಕೆ ನಮ್ಮಲ್ಲಿ ಮದ್ದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಅದೇ ವಿಧಾನದಲ್ಲಿ ಎಣಿಸುತ್ತಿದ್ದರೆ, ಸಂಖ್ಯೆ ಇಳಿಯತೊಡಗಿದಾಗ ಕಪಾಟಿನ ಆಯ್ಕೆ ಹೊರತೆಗೆಯಲು ಸಮಯ ಸಿಗುತ್ತದೆ. ನನ್ನನ್ನು ಕೇಳಿದರೆ ಇದಕ್ಕೇ ನನ್ನ ಓಟು.

ಇನ್ನು ನಿಮ್ಮ ಪ್ರವಾಸ. ಏಜೆಂಟನಿಗೆ ಒಂದೇ ಮಾತು ಕೇಳಿ: ಅರಣ್ಯ ಇಲಾಖೆಯ ಅನುಮತಿ ಪತ್ರ ಎಲ್ಲಿ? ಅಲ್ಲಿಗೆ ಪ್ರವಾಸಿಗರ ಹಡಗಿಲ್ಲ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂನಿಂದ ಸುಮಾರು 250 ಕಿಲೋಮೀಟರ್ ತೆರೆದ ಸಮುದ್ರ. ಗಡಿ ಪ್ರದೇಶ, ಮೇಲಾಗಿ ಅಭಯಾರಣ್ಯ. ಅನುಮತಿ ಇಲ್ಲದೆ ಇಳಿದರೆ ಅಪರಾಧ. ತಲೆಗೆ ಇಪ್ಪತ್ತು ಸಾವಿರಕ್ಕೆ ನಿಮ್ಮನ್ನು ಅಲ್ಲಿಗೆ ಒಯ್ಯುವ ಲೆಕ್ಕ ನನಗಂತೂ ಕೂಡುವುದಿಲ್ಲ. ಬಹುಶಃ ಯಾವುದೋ ಹತ್ತಿರದ ನಡುಗಡ್ಡೆ ತೋರಿಸಿ "ಇದೇ ಅದು" ಅನ್ನಬಹುದು. ನನ್ನ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ಮರಳಿ ಬಂದು ಫೋಟೋ ತೋರಿಸಿದರು, ಪಾರಿವಾಳ!

ಇನ್ನೊಂದು ನೆನಪಿರಲಿ. ಅಂಡಮಾನಿನ ಬೇರೆ ಯಾವ ನಡುಗಡ್ಡೆಯಲ್ಲೂ ಮಂಗಟ್ಟೆ ಇಲ್ಲ. ಹಾಗಂತ ಹುಡುಗಿ ಬರಿಗೈಯಲ್ಲಿ ಬರಬೇಕಿಲ್ಲ. ಅಲ್ಲಿಗೇ ಸೀಮಿತವಾದ ಹಕ್ಕಿಗಳು ಬೇಕಾದಷ್ಟಿವೆ. ಒಂದು ಬೆಳಗು ಐದು ಗಂಟೆಗೆಲ್ಲ ಎಬ್ಬಿಸಿ, ಅಲ್ಲಿ ಬೇಗ ಬೆಳಕಾಗುತ್ತದೆ. ಶ್ರೀ ವಿಜಯಪುರಂ ಹತ್ತಿರದ ಚಿಡಿಯಾ ಟಾಪುಗೆ ಕರೆದೊಯ್ಯಿರಿ. ಮೈಯೆಲ್ಲ ಕಪ್ಪು, ತಲೆ ಮಾತ್ರ ಕೆಂಪು ಇರುವ ಅಂಡಮಾನ್ ಮರಕುಟಿಗ ಕಂಡರೂ ಕಾಣಬಹುದು. ಅದೂ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಮಂಗಟ್ಟೆಯೇ ಬೇಕು ಅಂದರೆ ದಾಂಡೇಲಿ ನಿಮಗೆ ಬಸ್ಸಿನಲ್ಲಿ ಒಂದೂವರೆ-ಎರಡು ತಾಸು. 2011ರಲ್ಲಿ ಅಲ್ಲಿ 52.5 ಚದರ ಕಿಲೋಮೀಟರ್ ಜಾಗವನ್ನು ಮಂಗಟ್ಟೆಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಊರೊಳಗಿನ ಅರಣ್ಯ ಇಲಾಖೆಯ ಮರದ ಡಿಪೋ ಕಡೆ ಬೆಳಿಗ್ಗೆ ಏಳರೊಳಗೆ ಹೋಗಿ. ಕಪ್ಪು-ಬಿಳಿ ಮಂಗಟ್ಟೆಗಳು ನಾಟಾ ಗುಡ್ಡೆಗಳ ಪಕ್ಕ ನೆಲಕ್ಕಿಳಿದು ಮಣ್ಣು ಕೆದಕುವುದನ್ನು ಕೂತು ನೋಡಬಹುದು.

ಅದಕ್ಕೂ ಮೊದಲು ನಿಮ್ಮ ಬಸರಿ ಗಿಡ. ಮಾರ್ಚ್‌ನಲ್ಲಿ ಜೋಡಿ ಬರುವುದು ನಿಂತು ಗಂಡು ಒಂಟಿಯಾಗಿ ಬರತೊಡಗಿದರೆ, ಹತ್ತಿರದಲ್ಲೆಲ್ಲೋ ಹೆಣ್ಣು ಪೊಟರೆಯಲ್ಲಿ ಕೂತಿದೆ ಅಂತ ತಿಳಿಯಿರಿ. ಗೂಡು ಸಿಕ್ಕರೆ ಹತ್ತಿರ ಹೋಗಬೇಡಿ, ಮುಚ್ಚಿದ ಬಾಯಿ ಕಂಡು "ಪಾಪ, ಸಿಕ್ಕಿಬಿದ್ದಿದೆ" ಅಂತ ಯಾರಾದರೂ ಒಡೆಯಲು ಹೋದರೆ ತಡೆಯಿರಿ. ಮೊಮ್ಮಗಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಡಿಸಿ. ಕಿಟಕಿಯಲ್ಲಿ ಕೂತು, ಗಂಡು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಯಾವ ದಿಕ್ಕಿಗೆ ಹಾರುತ್ತದೆ ಅಂತ ಬರೆಯಲಿ. ಪುಟ ತುಂಬಿದ ಮೇಲೆ ನನಗೊಂದು ಪ್ರತಿ ಕಳಿಸಿಕೊಡಿ. ಧಾರವಾಡದ ಬೂದು ಮಂಗಟ್ಟೆಗಳ ಅಂಥದ್ದೊಂದು ಲೆಕ್ಕ ನನ್ನ ಹತ್ತಿರ ಇಲ್ಲ.